ಬಾಗಿನ ಯಾರಿಗೆ ಸಲ್ಲಬೇಕು?

ಭಾದ್ರಪದ ಶುದ್ಧ ತದಿಗೆಯ ಗೌರಿ ಹಬ್ಬಕ್ಕೆ ತವರಿನಿಂದ ಮಗಳಿಗೆ ಬಾಗಿನ ಹೋಗುವುದು ಹಳೆಯ ಮೈಸೂರು ಸೀಮೆಯಲ್ಲಿ ಇಂದಿಗೂ ನಡೆದುಬಂದಿರುವ ಪದ್ಧತಿ. ಅರಿಶಿನ ಬಳಿದು ಕುಂಕುಮ ಹಚ್ಚಿದ ಎರಡು ಬಿದಿರಿನ ಮೊರ. ಒಂದರೊಳಗೆ ಅಕ್ಕಿ, ತೊಗರಿಬೇಳೆ, ಹೆಸರುಬೇಳೆ, ಬೆಲ್ಲದಚ್ಚು, ತೆಂಗಿನಕಾಯಿ, ರವಿಕೆ ಕಣ, ಬಳೆ, ಬಿಚ್ಚೋಲೆ, ಕನ್ನಡಿ, ಬಾಚಣಿಗೆ. ಇನ್ನೊಂದನ್ನು ಅದರ ಮೇಲೆ ಬೋರಲು ಮುಚ್ಚಿ, ಸೆರಗು ಹೊದಿಸಿ ಕೊಡುತ್ತಾರೆ. ಪಡೆಯುವವಳೂ ಸೆರಗಿನಡಿಯಲ್ಲೇ ಹಿಡಿಯುತ್ತಾಳೆ. ಗೌರಿ ಕೈಲಾಸದಿಂದ ತವರಿಗೆ ಬರುತ್ತಾಳೆ, ಮಾರನೆಯ ದಿನ ಮಗ ಗಣಪತಿ ಅವಳನ್ನು ಕರೆದೊಯ್ಯಲು ಬರುತ್ತಾನೆ ಎಂಬ ಕಥೆ ಮಕ್ಕಳಿಗೂ ಗೊತ್ತು. ಅಂದರೆ ಇದು ಮನೆಮಗಳ ಹಬ್ಬ. ಆದರೆ ಆ ಮಗಳ ಗಂಡ ತೀರಿಕೊಂಡರೆ ಎಷ್ಟೋ ಮನೆಗಳಲ್ಲಿ ಬಾಗಿನ ಅಲ್ಲಿಗೇ ನಿಂತುಹೋಗುತ್ತದೆ. ಅಣ್ಣತಮ್ಮಂದಿರ ಅಕ್ಕರೆ ಕಡಿಮೆಯಾಗಿ ಅಲ್ಲ, ಬಾಗಿನ ಮುತ್ತೈದೆಯರಿಗೆ ಮಾತ್ರ ಎಂಬ ನಿಯಮಕ್ಕೆ ಹೆದರಿ. ಈ ನಿಯಮವನ್ನು ಬಿಡಬೇಕು, ಬಿಡುವುದಕ್ಕೆ ಧರ್ಮದ ಹೊರಗಿನಿಂದ ಕಾರಣ ಹುಡುಕಿ ತರಬೇಕಾಗಿಯೂ ಇಲ್ಲ ಎಂಬುದು ನನ್ನ ವಾದ.

ಕರ್ಮದಲ್ಲಿ ಯಾವುದನ್ನು ಬದಲಿಸಬಹುದು, ಯಾವುದನ್ನು ಕೂಡದು ಎಂಬ ಪ್ರಶ್ನೆಯನ್ನು ವೈದಿಕ ಕರ್ಮದ ವಿಧಿಗಳನ್ನು ವಿಚಾರಿಸುವ ಮೀಮಾಂಸಕರು ಬಹಳ ಹಿಂದೆಯೇ ಜಾಲಾಡಿದ್ದಾರೆ. ಜೈಮಿನಿ ಸೂತ್ರಗಳ 6ನೇ ಅಧ್ಯಾಯದಲ್ಲಿ ಈ ಚರ್ಚೆ ಇದೆ. ಯಾಗಕ್ಕೆ ಬೇಕಾದ ವ್ರೀಹಿ ಸಿಗದಿದ್ದರೆ ನೀವಾರ, ಅಂದರೆ ತಾನಾಗಿ ಬೆಳೆಯುವ ಕಾಡುಭತ್ತ, ಆದೀತು. ಸೋಮಲತೆ ಸಿಗದಿದ್ದರೆ ಪೂತೀಕ ಆದೀತು. ದ್ರವ್ಯಕ್ಕೆ ಬದಲಿ ಉಂಟು. ದೇವತೆಗೆ, ಅಗ್ನಿಗೆ, ಮಂತ್ರಕ್ಕೆ, ಕ್ರಿಯೆಗೆ ಇಲ್ಲ. ಈ ತೀರ್ಮಾನವನ್ನು ಹಿಡಿದು ಇವತ್ತಿನ ಗೌರಿ ಹಬ್ಬವನ್ನು ನೋಡಿದರೆ ಒಂದು ವಿಚಿತ್ರ ಕಾಣುತ್ತದೆ. ಬಿದಿರಿನ ಮೊರದ ಜಾಗಕ್ಕೆ ಪ್ಲಾಸ್ಟಿಕ್ ಮೊರ ಬಂದಿದೆ, ಗ್ರಂಥಿಗೆ ಅಂಗಡಿಯಲ್ಲಿ ಸಿದ್ಧ ಬಾಗಿನ ಸಿಗುತ್ತದೆ, ಹೊರದೇಶದಲ್ಲಿ ಮೊರವೇ ಸಿಗದಾಗ ಎರಡು ತಟ್ಟೆಗಳಲ್ಲಿ ಕೊಟ್ಟರೂ ವ್ರತ ಕೆಟ್ಟಿತು ಎಂದು ಯಾರೂ ಅನ್ನುವುದಿಲ್ಲ. ಇವೆಲ್ಲ ದ್ರವ್ಯದ ಬದಲಾವಣೆ, ತಕರಾರಿಲ್ಲ. ಆದರೆ ಅರಿಶಿನ ಕುಂಕುಮಕ್ಕೆಂದು ಅಣ್ಣ ಫೋನಿನಲ್ಲೇ ದುಡ್ಡು ಹಾಕಿ ಮುಗಿಸಿದಾಗ ಬದಲಾಗಿರುವುದು ಕ್ರಿಯೆಯೇ. ಸೆರಗಿನಡಿಯಲ್ಲಿ ಕೈಯಿಂದ ಕೈಗೆ ಹೋಗಬೇಕಾದದ್ದು ಅಲ್ಲಿ ಉಳಿದಿಲ್ಲ. ಮೀಮಾಂಸಕನು ಒಪ್ಪದ ಇಷ್ಟು ದೊಡ್ಡ ಬದಲಾವಣೆಗೆ ಸುಮ್ಮನಿರುವ ಮನೆಗಳೇ ವಿಧವೆ ಮಗಳ ವಿಷಯ ಬಂದಾಗ ಶಾಸ್ತ್ರದ ಹೆಸರು ಎತ್ತುತ್ತವೆ.

ಇದಕ್ಕೆ ಗಟ್ಟಿಯಾದ ಆಕ್ಷೇಪವೊಂದಿದೆ. ಬಾಗಿನ ಪಡೆಯುವ ಮುತ್ತೈದೆಯನ್ನು ಆ ಹೊತ್ತಿಗೆ ಗೌರಿಯೆಂದೇ ಭಾವಿಸುತ್ತೇವೆ, ಆದ್ದರಿಂದ ಅವಳು ದೇವತೆಯ ಸ್ಥಾನದಲ್ಲಿದ್ದಾಳೆ, ಆ ಸ್ಥಾನಕ್ಕೆ ಬೇರೆಯವರನ್ನು ತರಲಾಗದು ಎಂಬುದು. ತರ್ಕವನ್ನು ನಾನು ಒಪ್ಪುತ್ತೇನೆ. ಆದರೆ ತವರಿನ ಬಾಗಿನದಲ್ಲಿ ಆ ಸ್ಥಾನದಲ್ಲಿ ಇರುವವಳು ಯಾರು? ಬೀದಿಯ ಯಾವುದೋ ಸುಮಂಗಲಿಯಲ್ಲ, ಈ ಮನೆಯಲ್ಲಿ ಹುಟ್ಟಿದವಳು. ಹೋದ ವರ್ಷ ಗೌರಿಯೆಂದು ಬಾಗಿನ ಕೊಟ್ಟವಳಿಗೇ ಈ ವರ್ಷವೂ ಕೊಟ್ಟರೆ ಯಾರೂ ಬದಲಾದಂತಾಗಲಿಲ್ಲ. ಅವಳನ್ನು ಬಿಟ್ಟು ಪಕ್ಕದ ಮನೆಯ ಮುತ್ತೈದೆಯನ್ನು ಕೂರಿಸಿದಾಗಲೇ ದೇವತೆಯ ಬದಲಿ ನಡೆಯುವುದು. ತವರಿಗೆ ಬಂದ ಗೌರಿಯನ್ನು ಬಾಗಿಲಲ್ಲೇ ನಿಲ್ಲಿಸಿ, ಬೇರೊಬ್ಬಳನ್ನು ಒಳಗೆ ಕರೆದು ಹಬ್ಬ ಮಾಡಿದಂತೆ ಅದು.

ಇನ್ನೊಂದು ಆಕ್ಷೇಪ ಅದೇ ಮೀಮಾಂಸೆಯಿಂದ ಬರುತ್ತದೆ. ನಿತ್ಯಕರ್ಮದಲ್ಲಿ ಶಕ್ತಿಯಿದ್ದಷ್ಟು ಮಾಡಿದರೂ ನಡೆಯುತ್ತದೆ. ಫಲ ಬಯಸಿ ಮಾಡುವ ಕಾಮ್ಯಕರ್ಮದಲ್ಲಿ ಒಂದು ಅಂಗವೂ ಊನವಾಗಬಾರದು. ಈ ಹಬ್ಬದಂದು ಮಾಡುವ ಸ್ವರ್ಣಗೌರಿ ವ್ರತ ಸೌಭಾಗ್ಯಕ್ಕಾಗಿ, ಆದ್ದರಿಂದ ಗಂಡನಿಲ್ಲದವಳಿಗೆ ಅದರಲ್ಲಿ ಅಧಿಕಾರವೇ ಇಲ್ಲ ಎನ್ನುತ್ತಾರೆ. ಆ ಫಲಕ್ಕಾಗಿಯೇ ಸಂಕಲ್ಪ ಮಾಡಿ, 16 ಗಂಟಿನ ದಾರ ಕಟ್ಟಿಕೊಂಡು ವ್ರತ ಹಿಡಿಯುವವರು ತಮ್ಮ ಕಟ್ಟಳೆ ಪಾಲಿಸಲಿ, ಅದನ್ನು ಮುಟ್ಟುವ ಅಗತ್ಯವಿಲ್ಲ. ಆದರೆ ತವರಿನಿಂದ ಬಾಗಿನ ಕಳಿಸುವುದು ಯಾವ ಫಲಕ್ಕಾಗಿ? ಕೈಯಲ್ಲಿ ಕಾಸಿಲ್ಲದ ವರ್ಷವೂ ಜನ ಅದನ್ನು ಬಿಡುವುದಿಲ್ಲ. ಮಗಳ ಮನೆಗೆ ಬಾಗಿನ ಹೋಗದಿದ್ದರೆ ತವರಿಗೆ ಅವಮಾನ ಎಂದು ಕೊರಗುತ್ತಾರೆ. ಬಿಟ್ಟರೆ ದೋಷ, ಮಾಡಿದರೆ ವಿಶೇಷ ಲಾಭವೇನೂ ಇಲ್ಲ ಎಂಬಂತೆ ನಡೆಸುವ ಕರ್ಮ ನಿತ್ಯಕ್ಕೆ ಹತ್ತಿರವೇ ಹೊರತು ಕಾಮ್ಯಕ್ಕಲ್ಲ. ಹಾಗಿದ್ದಮೇಲೆ ಕುಂಕುಮ ಇಟ್ಟುಕೊಳ್ಳಲು ಅವಳಿಗೆ ಮನಸ್ಸಿಲ್ಲದಿದ್ದರೆ ಅದೊಂದನ್ನು ಬಿಟ್ಟು ಉಳಿದೆಲ್ಲವನ್ನೂ ಕೊಡಬಹುದು. ವಿಧವೆಯ ಕೈ ಮಂಗಳಕ್ಕೆ ಸಲ್ಲದು ಎನ್ನುವವರು ಇದನ್ನೂ ನೋಡಲಿ: ಮಂಗಳೂರಿನ ಕುದ್ರೋಳಿಯಲ್ಲಿ ನಾರಾಯಣ ಗುರುಗಳು 1912ರಲ್ಲಿ ಪ್ರತಿಷ್ಠೆ ಮಾಡಿದ ಗೋಕರ್ಣನಾಥ ಕ್ಷೇತ್ರದಲ್ಲಿ 2013ರಲ್ಲಿ ಇಬ್ಬರು ವಿಧವೆಯರನ್ನು ಅರ್ಚಕರನ್ನಾಗಿ ನೇಮಿಸಲಾಯಿತು. ದೇವರ ಪೂಜೆಗೆ ಸಲ್ಲುವ ಕೈ ತವರಿನ ಮೊರ ಹಿಡಿಯಲು ಸಲ್ಲದೆ?

ಅವಳೇ ಬೇಡ ಅನ್ನುತ್ತಾಳಲ್ಲ ಎಂಬ ಮಾತೂ ಕೇಳಿಬರುತ್ತದೆ. ನಿಜ, ಅನೇಕರು ಅನ್ನುತ್ತಾರೆ, ಬಲವಂತ ಮಾಡಿ ಅವರನ್ನು ಕೂರಿಸುವುದು ಇನ್ನೊಂದು ಬಗೆಯ ಕ್ರೌರ್ಯ. ಆದರೆ ಯಾರೂ ಕರೆಯದಿದ್ದಾಗ ‘ನನಗ್ಯಾಕೆ ಬಿಡಿ’ ಎಂದು ಅಡುಗೆಮನೆಗೆ ಸರಿದುಹೋಗುವುದು ನಿರಾಕರಣೆಯಲ್ಲ. ಮೊರ ಸಿದ್ಧಮಾಡಿ, ಹೆಸರು ಹಿಡಿದು ಕರೆದ ಮೇಲೂ ಬೇಡವೆಂದರೆ ಅದು ಅವಳ ಮಾತು. ಅತ್ತಿಗೆಯಾದವಳು ಮೊದಲ ವರ್ಷವೇ ಹೀಗೆ ಕರೆದರೆ ಎಷ್ಟೋ ಮನೆಗಳಲ್ಲಿ ಉತ್ತರ ಬೇರೆಯಾದೀತು.

ಕೊಡುವವರ ಕಡೆಯೂ ಸಂಸಾರ ಬದಲಾಗಿದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಒಬ್ಬ ಹೆಂಗಸಿಗೆ ಸರಾಸರಿ 1.7 ಮಕ್ಕಳು. ಹೆಣ್ಣುಮಕ್ಕಳಷ್ಟೇ ಇರುವ ಮನೆಗಳು ಇನ್ನು ಅಪರೂಪವಲ್ಲ. ಅಪ್ಪ ಅಮ್ಮ ಹೋದ ಮೇಲೆ ಅಲ್ಲಿ ಬಾಗಿನ ಕೊಡುವವರು ಯಾರು? ಗಂಡುಮಕ್ಕಳಿಲ್ಲ, ತವರು ಮುಗಿಯಿತು ಎಂದುಕೊಳ್ಳುವ ಹೆಣ್ಣುಮಕ್ಕಳಿದ್ದಾರೆ. ಆದರೆ 2005ರ ಕಾನೂನು ತಿದ್ದುಪಡಿಯ ನಂತರ ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗಳು ಮಗನಷ್ಟೇ ಪಾಲುದಾರಳು. ತವರಿನ ಪಾಲು ಅವಳದ್ದಾದ ಮೇಲೆ ತವರಿನ ಹೊಣೆಯೂ ಅವಳದ್ದೇ. ಅಕ್ಕ ತಂಗಿಗೆ, ತಂಗಿ ಅಕ್ಕನಿಗೆ ತವರಿನ ಹೆಸರಿನಲ್ಲಿ ಮೊರ ಕೊಡಬಹುದು. ಅವರಲ್ಲೊಬ್ಬಳು ಗಂಡನನ್ನು ಕಳೆದುಕೊಂಡಿದ್ದರೆ ಅವಳೂ ಕೊಡಬಹುದು, ಅವಳೂ ಪಡೆಯಬಹುದು.