ಗುಡಿಗೆ ಬಂದ ಹೊಸಬರು

ಗುಡಿಗೆ ಹೋಗುವುದನ್ನು ನಮಗೆ ಯಾರೂ ಪಾಠ ಮಾಡಿ ಕಲಿಸಿದ್ದಿಲ್ಲ. ಅವ್ವನ ಸೆರಗು ಹಿಡಿದು ಹೋದೆವು. ಅವಳು ಚಪ್ಪಲಿ ಬಿಟ್ಟಲ್ಲಿ ನಾವೂ ಬಿಟ್ಟೆವು. ಅವಳು ಗಂಟೆ ಬಾರಿಸಿ, ಆಮೇಲೆ ನಮ್ಮನ್ನೂ ಎತ್ತಿ ಬಾರಿಸಲು ಬಿಟ್ಟಳು. ಎಷ್ಟು ಸುತ್ತು ಹಾಕಬೇಕು, ತೀರ್ಥಕ್ಕೆ ಯಾವ ಕೈ ಒಡ್ಡಬೇಕು, ಹಣೆಗೆ ಹಚ್ಚಿ ಉಳಿದ ವಿಭೂತಿಯನ್ನು ಎಲ್ಲಿ ಒರೆಸಬೇಕು (ಕಂಬಕ್ಕೆ ಒರೆಸಬೇಡಿ ಎಂದು ಬೋರ್ಡು ಹಾಕಿದ್ದರೂ ನಾವು ಒರೆಸುವುದು ಕಂಬಕ್ಕೇ!) ಇವೆಲ್ಲ ಮೈಗೆ ಹತ್ತಿದ ವಿದ್ಯೆಗಳು. ಮೈಗೆ ಹತ್ತಿದ್ದರ ಬಗ್ಗೆ ಮನಸ್ಸು ಪ್ರಶ್ನೆ ಕೇಳುವುದಿಲ್ಲ. ಅದಕ್ಕೆ ಹೊಸಬರೇ ಬರಬೇಕು.

ನಾನು ಕಲಬುರಗಿಯಿಂದ ಕಮಲಾಪುರಕ್ಕೆ ದಿನಾ ಬಸ್ಸಿನಲ್ಲಿ ಓಡಾಡುವ ಶಿಕ್ಷಕಿ. ಕೆಲವು ವರ್ಷಗಳ ಹಿಂದೆ ನಮ್ಮ ಶಾಲೆಗೆ ಮೂಲ್ಕಿಯ ಕಡೆಯ ಹುಡುಗಿಯೊಬ್ಬಳು ಇಂಗ್ಲಿಷ್ ಕಲಿಸಲು ಬಂದಳು. ಕ್ರೈಸ್ತರ ಮನೆಯವಳು. ನಮ್ಮ ಓಣಿಯಲ್ಲೇ ಬಾಡಿಗೆ ಮನೆ ಹಿಡಿದಿದ್ದರಿಂದ ಬಸ್ಸಿನಲ್ಲಿ ಪಕ್ಕಪಕ್ಕದಲ್ಲೇ ಕೂಡುತ್ತಿದ್ದೆವು. ಹೋಳಿ ಹುಣ್ಣಿಮೆ ಹತ್ತಿರವಾದಂತೆ ಎಲ್ಲರ ಬಾಯಲ್ಲೂ ಶರಣಬಸವೇಶ್ವರ ಜಾತ್ರೆಯ ಮಾತೇ. ಅವಳಿಗೂ ಆಸೆಯಾಯಿತು. ತೇರಿನ ಗದ್ದಲಕ್ಕೆ ಮೊದಲೇ ಒಂದು ದಿನ ಗುಡಿ ತೋರಿಸಿ ಅಂದಳು. ಅದಕ್ಕೇನು, ಹೋಗೋಣ ಅಂದೆ. ಸ್ವಲ್ಪ ಹೊತ್ತು ಕಿಟಕಿಯಾಚೆ ನೋಡುತ್ತಾ ಕೂತವಳು ಕೇಳಿದಳು:

"ಮೇಡಂ, ಎಲ್ಲರೂ ಕೈ ಮುಗಿಯುವಾಗ ನಾನೇನು ಮಾಡ್ಲಿ? ಮುಗಿದರೆ ಸುಳ್ಳಾಗ್ತದೆ. ಮುಗಿಯದಿದ್ದರೆ ನಿಮಗೆಲ್ಲ ಅವಮಾನ ಮಾಡಿದ ಹಾಗಾಗ್ತದೆ."

ಇದು ಸಣ್ಣ ಪ್ರಶ್ನೆಯಲ್ಲ. ನಂಬದೆ ಬಾಗಿದರೆ ಅದು ವಿನಯವೋ ನಟನೆಯೋ? ಮನಸ್ಸಿನಲ್ಲಿ ಇಲ್ಲದ್ದನ್ನು ಕೈ ಹೇಳಬಹುದೇ? ನಾನು ಗುಡಿಯಲ್ಲಿ ಕೈ ಮುಗಿದು ನಿಂತು, ಗ್ಯಾಸಿನ ಮೇಲಿಟ್ಟ ಹಾಲು ಇಳಿಸಿದೆನೋ ಇಲ್ಲವೋ ಎಂದು ಯೋಚಿಸಿದ ದಿನಗಳು ಎಷ್ಟಿವೆಯೋ. ನಿಮಗೂ ಇದ್ದಾವು. ನಮ್ಮ ಕೈಯನ್ನು ಯಾರೂ ಅನುಮಾನಿಸುವುದಿಲ್ಲ, ಅಷ್ಟೇ.

ಉತ್ತರದ ಒಂದು ತುದಿಯನ್ನು ಅವಳೇ ಹಿಡಿದುಕೊಂಡಿದ್ದಳು. ಬೈಬಲ್ಲಿನ ಹಳೆಯ ಒಡಂಬಡಿಕೆಯಲ್ಲಿ ನಾಮಾನನೆಂಬ ಸೇನಾಪತಿಯ ಕಥೆ ಬರುತ್ತದಂತೆ. ಅರಾಮ್ ದೇಶದವನು, ಕುಷ್ಠರೋಗಿ. ಇಸ್ರಾಯೇಲಿನ ಪ್ರವಾದಿ ಎಲೀಷನ ಮಾತು ಕೇಳಿ ಜೋರ್ದಾನ್ ನದಿಯಲ್ಲಿ ಏಳು ಸಲ ಮುಳುಗಿ ಗುಣವಾಗುತ್ತಾನೆ. ಇನ್ನು ಮೇಲೆ ನಿಮ್ಮ ದೇವರ ಹೊರತು ಬೇರೆ ದೇವರಿಗೆ ಬಲಿ ಕೊಡುವುದಿಲ್ಲ ಎನ್ನುತ್ತಾನೆ. ಆದರೆ ಅವನಿಗೊಂದು ತೊಡಕು. ಊರಿಗೆ ಹೋದರೆ ಅವನ ರಾಜ ರಿಮ್ಮೋನ್ ದೇವರ ಗುಡಿಗೆ ಹೋಗುವವನು, ಇವನ ಕೈ ಊರಿಕೊಂಡು ಬಾಗುವವನು. ರಾಜ ಬಾಗಿದಾಗ ಇವನೂ ಬಾಗಲೇಬೇಕು. ಆ ಒಂದು ಬಾಗುವಿಕೆಯನ್ನು ದೇವರು ಕ್ಷಮಿಸಲಿ ಎಂದು ಬೇಡುತ್ತಾನೆ. ಎಲೀಷ ಉಪದೇಶ ಮಾಡುವುದಿಲ್ಲ, ಗದರುವುದಿಲ್ಲ. ಸಮಾಧಾನದಿಂದ ಹೋಗು ಎನ್ನುತ್ತಾನೆ. ಕಥೆ ಅಷ್ಟೇ.

"ಅವನಿಗೆ ರಾಜನ ಭಯ ಇತ್ತು. ನನಗೆ ಯಾರ ಭಯವೂ ಇಲ್ಲವಲ್ಲ ಮೇಡಂ, ಹಾಗಾದರೆ ನನಗೆ ಆ ಕ್ಷಮೆ ಸಿಗ್ತದಾ?" ಅಂದಳು. ಮಹಾ ಚೂಟಿ ಹುಡುಗಿ.

ನಾನು ನಮ್ಮವ್ವನ ಮಾತು ಹೇಳಿದೆ. ನಮ್ಮ ಊರಿನಲ್ಲಿ ಬಂದೇನವಾಜರ ದರ್ಗಾ ಇದೆ. ಅವರು ತೀರಿಕೊಂಡದ್ದು 1422ರಲ್ಲಿ. ಆರು ನೂರು ವರ್ಷಗಳಿಂದ ಎಲ್ಲ ಜಾತಿಯವರೂ ಹೋಗುತ್ತಾರೆ. ನಾನು ಚಿಕ್ಕವಳಿದ್ದಾಗ ತಮ್ಮನಿಗೆ ಜ್ವರ ಬಿಡದೆ ಹೋದಾಗ ಅವ್ವ ತಲೆಯ ಮೇಲೆ ಸೆರಗು ಹೊದ್ದು ದರ್ಗಾಕ್ಕೆ ಹೋಗಿ, ಸಕ್ಕರೆ ಓದಿಸಿಕೊಂಡು ಬಂದಿದ್ದಳು. ಅವಳಿಗೆ ಕಲ್ಮಾ ಬಾರದು, ಇಸ್ಲಾಮಿನಲ್ಲಿ ಏನು ಹೇಳಿದೆಯೆಂಬುದೂ ತಿಳಿಯದು. ಸುಳ್ಳಾಡಿದೆ ಎಂದು ಅವಳಿಗೆ ಅನಿಸಿರಲಿಕ್ಕಿಲ್ಲ. ಬೇರೆಯವರ ಮನೆಗೆ ಹೋದಾಗ ಅವರ ಮನೆಯ ರೀತಿಯಲ್ಲಿ ಕೂಡುವುದು ಅವಳಿಗೆ ಗೊತ್ತಿತ್ತು. ಆದರೆ ಅವ್ವನ ಉತ್ತರ ಈ ಹುಡುಗಿಗೆ ಸಾಲದು ಎಂದೂ ನನಗೆ ತಿಳಿದಿತ್ತು. ಅವ್ವನ ದೇವರು ಪಾಲು ಕೊಡಲು ಹಿಂದೆಗೆಯುವವನಲ್ಲ. ಇವಳ ದೇವರು ಒಬ್ಬನೇ, ಎರಡನೆಯವನನ್ನು ಒಪ್ಪುವವನಲ್ಲ. ಎಲ್ಲ ದೇವರೂ ಒಂದೇ ಎಂದು ಹೇಳಿ ಅವಳ ಬಾಯಿ ಮುಚ್ಚಿಸುವುದು ನಮಗೆ ಸುಲಭ, ಆ ಮಾತಿನಿಂದ ನಾವು ಕಳೆದುಕೊಳ್ಳುವುದು ಏನೂ ಇಲ್ಲವಲ್ಲ.

ಒಂದು ಸೋಮವಾರ ಸಂಜೆ ಹೋದೆವು. ಅರಳಗುಂಡಗಿಯಿಂದ ಬಂದು ಇಲ್ಲಿ ದಾಸೋಹ ನಡೆಸಿ 1822ರಲ್ಲಿ ಲಿಂಗೈಕ್ಯರಾದ ಶರಣರ ಗದ್ದುಗೆ ಅದು. ಹೊಲದ ಜೋಳವನ್ನು ಹಕ್ಕಿಗಳು ತಿನ್ನಲಿ ಎಂದು ಬಿಟ್ಟವರೆಂದು ಅವರ ಕಥೆ ಹೇಳುತ್ತಾರೆ. ಅವಳು ಎರಡೂ ಕೈಗಳನ್ನು ಮುಂದೆ ಕಟ್ಟಿಕೊಂಡು, ತಲೆಯನ್ನು ತುಸು ತಗ್ಗಿಸಿ ನಿಂತಳು. ಮುಗಿಯಲೂ ಇಲ್ಲ, ಸೆಟೆದೂ ನಿಲ್ಲಲಿಲ್ಲ. ಪಕ್ಕದಲ್ಲಿದ್ದ ಒಬ್ಬ ಮುದುಕಿ ಅವಳನ್ನು ಮೇಲೆ ಕೆಳಗೆ ನೋಡಿದಳು. ನನ್ನ ಎದೆ ಒಮ್ಮೆ ಧಸಕ್ಕೆಂದಿತು.

"ಹೊಸದಾಗಿ ಬಂದಿಯೇನವ್ವಾ? ಅಲ್ಲಿಂದ ಕಾಣಂಗಿಲ್ಲ, ಹೀಂಗ ಬಾ" ಎಂದು ಮುದುಕಿ ಅರ್ಧ ಹೆಜ್ಜೆ ಸರಿದು ಜಾಗ ಕೊಟ್ಟಳು.

ದಾಸೋಹದಲ್ಲಿ ಊಟಕ್ಕೆ ಕೂಡುವಾಗ ಅವಳೇ ಪೌಲನ ಮಾತು ತೆಗೆದಳು. ವಿಗ್ರಹಕ್ಕೆ ಅರ್ಪಿಸಿದ್ದನ್ನು ತಿನ್ನಬಹುದೇ ಎಂದು ಕೊರಿಂಥ ಪಟ್ಟಣದ ಕ್ರೈಸ್ತರಿಗೆ ಸಂದೇಹ ಬಂದಿತ್ತಂತೆ. ತಿಂದರೆ ದೇವರ ಮುಂದೆ ಹೆಚ್ಚಳವೂ ಇಲ್ಲ, ತಿನ್ನದಿದ್ದರೆ ಕಡಿಮೆಯೂ ಇಲ್ಲ. ಆದರೆ ನೀನು ತಿನ್ನುವುದನ್ನು ಕಂಡು ನಿನ್ನ ತಮ್ಮನ ಮನಸ್ಸು ಎಡವುವುದಾದರೆ ಬಿಡು ಎಂಬ ಅರ್ಥದಲ್ಲಿ ಅವನು ಬರೆದಿದ್ದಾನೆ. "ಇಲ್ಲಿ ಎಡವುವ ತಮ್ಮ ಯಾರೂ ಇಲ್ಲ" ಎಂದು ನಕ್ಕು ಉಂಡಳು. ನೀನು ಯಾರವಳು ಎಂದು ಬಡಿಸುವವರು ಕೇಳಲಿಲ್ಲ.

ಇಲ್ಲಿಗೇ ನಿಲ್ಲಿಸಿದ್ದರೆ ಇದು ನಮ್ಮ ದೊಡ್ಡತನದ ಕಥೆಯಾಗಿಬಿಡುತ್ತಿತ್ತು.

ಆ ವರ್ಷ ಶ್ರಾವಣದ ಒಂದು ಶನಿವಾರ, ಕಮಲಾಪುರದ ಸುತ್ತಲಿನ ಒಂದು ಹಳ್ಳಿಯ ಹಿರಿಯರು ಶಿಕ್ಷಕರನ್ನೆಲ್ಲ ಹಣಮಂತ ದೇವರ ಗುಡಿಗೆ ಕರೆದರು. ಹಳ್ಳಿಯ ಹೆಸರು ಬೇಡ. ನಮ್ಮ ಹೊಸ ಶಿಕ್ಷಕಿ ಕ್ರೈಸ್ತಳೆಂದು ಎಲ್ಲರಿಗೂ ಗೊತ್ತಿತ್ತು. "ದೂರದಿಂದ ಬಂದಾರ, ಮುಂದ ಬರ್ರಿ ಟೀಚರ್" ಎಂದು ಅವಳನ್ನೇ ಮೊದಲು ಒಳಗೆ ಕರೆದೊಯ್ದು, ಹೂಮಾಲೆ ಹಾಕಿ, ತೆಂಗಿನಕಾಯಿ ಕೊಟ್ಟರು. ನಮ್ಮ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಅಪ್ಪನೊಂದಿಗೆ ಕಟ್ಟೆಯ ಕೆಳಗೆ ನಿಂತಿದ್ದಳು. ಅವಳ ಕೈ ಮುಗಿದೇ ಇತ್ತು. ಅವಳು ಆ ಊರಿನಲ್ಲೇ ಹುಟ್ಟಿದವಳು; ಅಪ್ಪ ಕಮಲಾಪುರದ ಬಾಳೆಯ ತೋಟದಲ್ಲಿ ಕೂಲಿ. ಅವರ ಕೇರಿಯವರು ಮೆಟ್ಟಿಲು ಹತ್ತುವುದಿಲ್ಲ.

ಹಿರಿಯರನ್ನು ಕೇಳಿದೆ. "ನಾವೇನ್ ಬ್ಯಾಡ ಅಂದಿಲ್ರೀ ಅಕ್ಕೋರೆ, ಅವರೇ ಬರಂಗಿಲ್ಲ" ಅಂದರು. ಮುದುಕಿ ಸರಿದ ಆ ಅರ್ಧ ಹೆಜ್ಜೆಯನ್ನು ಇಲ್ಲಿ ಯಾರೂ ಸರಿದಿರಲಿಲ್ಲ.

ಕಾನೂನಿನ ಮಾತು ಇದಕ್ಕೆ ನೇರ ಉಲ್ಟಾ ಇದೆ. ಸಾರ್ವಜನಿಕ ದೇವಾಲಯಗಳ ಬಾಗಿಲನ್ನು ಹಿಂದೂಗಳ ಎಲ್ಲ ವರ್ಗದವರಿಗೂ ತೆರೆಯಬಹುದೆಂದು ಸಂವಿಧಾನದ 25ನೇ ವಿಧಿ ಹೇಳುತ್ತದೆ. 1955ರ ಕಾಯ್ದೆಯ ಪ್ರಕಾರ ಅಸ್ಪೃಶ್ಯತೆಯ ಕಾರಣಕ್ಕೆ ತಡೆಯುವುದು ಅಪರಾಧ. ನಮ್ಮ ಶಿಕ್ಷಕಿಯ ಊರಾದ ಮೂಲ್ಕಿಯ ವೆಂಕಟರಮಣ ದೇವಸ್ಥಾನದ ಮೊಕದ್ದಮೆಯಲ್ಲೇ 1957ರಲ್ಲಿ ಸುಪ್ರೀಂ ಕೋರ್ಟು, ಒಂದು ಸಮುದಾಯ ಕಟ್ಟಿಸಿದ ಗುಡಿಯಾದರೂ ಕೆಲವು ವಿಶೇಷ ಸೇವೆಗಳ ಹೊರತು ಉಳಿದ ಹೊತ್ತಿನಲ್ಲಿ ಎಲ್ಲ ಹಿಂದೂಗಳನ್ನೂ ಬಿಡಬೇಕೆಂದು ತೀರ್ಪು ಕೊಟ್ಟಿತು. ಅಂದರೆ ಹಕ್ಕು ಇರುವುದು ಆ ಹುಡುಗಿಗೆ. ನಮ್ಮ ಶಿಕ್ಷಕಿಗೆ ಈ ಯಾವ ಹಕ್ಕೂ ಇಲ್ಲ, ಅವಳಿಗೆ ಸಿಕ್ಕಿದ್ದು ಬರೀ ಆತಿಥ್ಯ. ಅತಿಥಿಗೆ ಮಾಲೆ ಹಾಕುವುದರಿಂದ ಊರಿನಲ್ಲಿ ಯಾವುದೂ ಬದಲಾಗುವುದಿಲ್ಲ. ಅತಿಥಿ ನಾಳೆ ಹೋಗುವವಳು. ಮನೆಯ ಮಗಳನ್ನು ಒಳಗೆ ಕರೆದರೆ ನಾಳೆಯೂ ಕರೆಯಬೇಕಾಗುತ್ತದೆ. ನಮಗೆ ಹೆದರಿಕೆ ಇರುವುದು ಅಲ್ಲಿ. ಹೊಸಬರನ್ನು ಪ್ರೀತಿಯಿಂದ ಕಾಣುವ ಊರನ್ನು ಹೊಗಳುವಾಗ ನಾನು ಈಗೀಗ ಸ್ವಲ್ಪ ತಡೆಯುತ್ತೇನೆ.

ಸೋಮವಾರ ಮಧ್ಯಾಹ್ನದ ಬಿಡುವಿನಲ್ಲಿ ಆ ಹುಡುಗಿ ನಮ್ಮ ಕೋಣೆಯ ಬಾಗಿಲಿಗೆ ಬಂದು, ನನ್ನನ್ನು ಬಿಟ್ಟು ಹೊಸ ಶಿಕ್ಷಕಿಯನ್ನೇ ಕೇಳಿದಳು.

"ಟೀಚರ್, ನೀವು ಒಳಗ ಹೋಗಿದ್ರಲ್ರೀ. ಒಳಗ ಹೆಂಗದರೀ?"

ಅವಳು ಪೆನ್ನು ಕೆಳಗಿಟ್ಟು, ಹುಡುಗಿಯನ್ನು ಪಕ್ಕದ ಕುರ್ಚಿಯಲ್ಲಿ ಕೂರಿಸಿಕೊಂಡು, ಒಂದೂ ಬಿಡದೆ ಹೇಳಿದಳು. ಬಾಗಿಲು ಸಣ್ಣದು, ತಗ್ಗಿ ಹೋಗಬೇಕು. ಒಳಗೆ ಕತ್ತಲೆ, ಎಣ್ಣೆಯ ವಾಸನೆ. ದೇವರ ಮೈತುಂಬ ಸಿಂಧೂರ, ಕಣ್ಣು ಮಾತ್ರ ಬೆಳ್ಳಗೆ ಹೊಳೆಯುತ್ತವೆ. ಬಲಗಡೆ ದೀಪ, ಎಡಗಡೆ ಹಣ್ಣಿನ ಬುಟ್ಟಿ.

"ಕೆಂಪು ಬಾಳಿಹಣ್ಣು ಇದ್ವೇನ್ರೀ ಬುಟ್ಟ್ಯಾಗ?"

"ಇದ್ವು."

"ಅವು ನಮ್ಮಪ್ಪ ಕೊಟ್ಟಿದ್ದು" ಅಂದಳು.