ಸಬ್‌ಮಿಟ್ ಒತ್ತಿದ ಮೇಲೆ

ಹೋಂಸ್ಟೇ ಇರಲಿ, ಪಿಯು ಕಾಲೇಜಿರಲಿ, ಸೋಲಾರ್ ಹೀಟರ್ ಮಾರುವ ಅಂಗಡಿಯಿರಲಿ, ವೆಬ್‌ಸೈಟಿನ ಒಂದು ಮೂಲೆಯಲ್ಲಿ ಪುಟ್ಟ ಫಾರಂ ಇದ್ದೇ ಇರುತ್ತದೆ. ಹೆಸರು, ಫೋನ್ ನಂಬರು, ಊರು, ಏನು ಬೇಕೆಂದು ಬರೆಯಲು ಒಂದು ಖಾನೆ. ವೆಬ್‌ಸೈಟಿನ ಉಳಿದ ಜಾಗದಲ್ಲೆಲ್ಲ ಮಾತಾಡುವುದು ಮಾಲೀಕರೇ. ಗ್ರಾಹಕ ಬಾಯಿಬಿಡುವುದು ಇಲ್ಲಿ ಮಾತ್ರ. ಜಾಹೀರಾತಿಗೆ ಹಾಕಿದ ದುಡ್ಡು ಎಲ್ಲಿ ಕೈಹಿಡಿಯಿತು ಎಂದು ತಿಳಿಯಬೇಕಾದವರು ಈ ಫಾರಂ ಎಷ್ಟು ಸಲ ತುಂಬಿ ಬಂತೆಂದು ಎಣಿಸುವುದು ನ್ಯಾಯವೇ.

ಎಣಿಸುವ ಸಲಕರಣೆಗೆ ಈಗ ಬರವಿಲ್ಲ. ಗೂಗಲ್ 2005ರಲ್ಲಿ ಅರ್ಚಿನ್ ಎಂಬ ಕಂಪನಿಯನ್ನು ಕೊಂಡು, ಅದೇ ವರ್ಷ ಅನಲಿಟಿಕ್ಸ್ ಅನ್ನು ಉಚಿತವಾಗಿ ಕೊಟ್ಟಿತು. 2012ರಲ್ಲಿ, ಎಣಿಸುವ ಕೋಡಿನ ತುಣುಕುಗಳನ್ನು, ಅಂದರೆ ಟ್ಯಾಗ್‌ಗಳನ್ನು, ಒಂದೇ ಕಡೆಯಿಂದ ನೋಡಿಕೊಳ್ಳುವ ಗೂಗಲ್‌ನ ಟ್ಯಾಗ್ ಮ್ಯಾನೇಜರ್ ಬಂದ ಮೇಲೆ ಪ್ರತಿ ಸಣ್ಣ ಬದಲಾವಣೆಗೂ ಕೋಡ್ ಮುಟ್ಟುವ ಕೆಲಸ ತಪ್ಪಿತು. ಅನಲಿಟಿಕ್ಸ್‌ನ ಈಗಿನ ಆವೃತ್ತಿಯಾದ ಜಿಎ4 ಅಂತೂ ಫಾರಂ ತುಂಬಲು ಶುರುಮಾಡಿದ್ದನ್ನೂ ಸಬ್‌ಮಿಟ್ ಮಾಡಿದ್ದನ್ನೂ ತಾನಾಗಿಯೇ ಗುರುತು ಹಾಕಿಕೊಳ್ಳಬಲ್ಲದು. ಸೆಟ್ಟಿಂಗಿನಲ್ಲಿ ಅದನ್ನು ಆನ್ ಮಾಡಿ, ಕೆಲಸ ಮುಗಿಯಿತೆಂದು ಎದ್ದುಬಿಡುವವರೇ ಹೆಚ್ಚು. ಅಲ್ಲಿಂದಾಚೆಗೆ ಕೇಳಲೇಬೇಕಾದ ಪ್ರಶ್ನೆ ಹಾಗೇ ಉಳಿಯುತ್ತದೆ: ನಾವು ಎಣಿಸುತ್ತಿರುವುದು ಯಾವ ಗಳಿಗೆಯನ್ನು?

ಬಟನ್ ಒತ್ತಿದ್ದನ್ನು ಎಣಿಸುವುದು ಎಲ್ಲಕ್ಕಿಂತ ಸುಲಭ. ಆದರೆ ನಂಬರಿನಲ್ಲಿ ಒಂದು ಅಂಕಿ ಬಿಟ್ಟುಹೋಗಿ, ಕೆಂಪಕ್ಷರದ ಎಚ್ಚರಿಕೆ ಬಂದು, ಅದೇ ಮನುಷ್ಯ ಮತ್ತೆ ಮತ್ತೆ ಒತ್ತಿದರೆ ಒಬ್ಬನೇ ಮೂವರಾಗುತ್ತಾನೆ. ಬಾಗಿಲು ಬಡಿದ ಸದ್ದನ್ನು ಎಣಿಸಿ ಇಷ್ಟು ಜನ ನೆಂಟರು ಬಂದರು ಎಂದಂತೆ. 'ಧನ್ಯವಾದಗಳು' ಪುಟ ತೆರೆದದ್ದನ್ನು ಎಣಿಸಿದರೆ ಸ್ವಲ್ಪ ವಾಸಿ. ಆದರೂ ಆ ಪುಟ ಮತ್ತೆ ಲೋಡ್ ಆದಾಗಲೆಲ್ಲ ಲೆಕ್ಕ ಒಂದು ಏರುವ ಸಾಧ್ಯತೆ ಇದ್ದೇ ಇದೆ. ಇನ್ನು, ಪುಟ ಬದಲಾಗದೆ ಹಿನ್ನೆಲೆಯಲ್ಲೇ ಮಾಹಿತಿ ಕಳಿಸುವ ಹೊಸ ಬಗೆಯ ಫಾರಂಗಳು ಟ್ಯಾಗ್ ಮ್ಯಾನೇಜರಿನ ಫಾರಂ ಟ್ರಿಗರ್‌ಗೆ ಎಷ್ಟೋ ಸಲ ಕಾಣುವುದೇ ಇಲ್ಲ. ಆಗ ಎಂಕ್ವೈರಿ ಬರುತ್ತಲೇ ಇದ್ದರೂ ರಿಪೋರ್ಟು ಸೊನ್ನೆ ತೋರಿಸುತ್ತದೆ; ಮಾಲೀಕರು ಒಳ್ಳೆಯ ಕ್ಯಾಂಪೇನನ್ನೇ ನಿಲ್ಲಿಸಿಬಿಡುತ್ತಾರೆ.

ನಾನು ಒಪ್ಪುವ ಕ್ರಮ ಒಂದೇ. ಸರ್ವರ್ ಆ ಮಾಹಿತಿಯನ್ನು ಪಡೆದು 'ಸಿಕ್ಕಿತು' ಎಂದ ಮೇಲೆ ಫಾರಂ, ಟ್ಯಾಗ್ ಮ್ಯಾನೇಜರ್ ಓದುವ ಡೇಟಾ ಲೇಯರ್‌ಗೆ ಒಂದು ಸಂದೇಶ ಹಾಕಬೇಕು, ಆ ಸಂದೇಶ ಕಂಡಾಗ ಮಾತ್ರ ಟ್ಯಾಗ್ ಓಡಬೇಕು. ಇದಕ್ಕೆ ಡೆವಲಪರ್ ಕೈಯಿಂದ ಒಂದೆರಡು ಸಾಲು ಬರೆಸಬೇಕಾಗುತ್ತದೆ. ಆ ಖರ್ಚು ಖಂಡಿತ ದಂಡವಲ್ಲ. ಏಕೆಂದರೆ ಜಾಹೀರಾತಿನ ಬಿಡ್ಡಿಂಗನ್ನು ಇಂದು ನಡೆಸುವುದು ಬಹುಪಾಲು ಯಂತ್ರ. ಫಾರಂ ಕಳಿಸಿದವರೆಂದು ನಾವು ಯಾರನ್ನು ತೋರಿಸುತ್ತೇವೋ ಅಂಥವರನ್ನೇ ಅದು ಮತ್ತಷ್ಟು ಹುಡುಕಿ ತರುತ್ತದೆ. ಸ್ಪ್ಯಾಮ್ ಬಾಟ್‌ಗಳು ತುಂಬಿದ ಫಾರಂಗಳನ್ನೂ ಲೆಕ್ಕಕ್ಕೆ ಸೇರಿಸಿ ಕೊಟ್ಟರೆ ಮುಂದಿನ ತಿಂಗಳ ಬಜೆಟ್ಟು ಬಾಟ್‌ಗಳ ಹಿಂದೆಯೇ ಹರಿದುಹೋಗುತ್ತದೆ.

ಕಡಿಮೆ ಎಣಿಸುವುದಕ್ಕಿಂತ, ಎಣಿಸಬಾರದ್ದನ್ನು ಎಣಿಸುವುದು ನನ್ನನ್ನು ಹೆಚ್ಚು ಕಾಡುತ್ತದೆ. ಜನರ ಹೆಸರು, ಫೋನ್, ಇಮೇಲ್‌ಗಳನ್ನು ಅನಲಿಟಿಕ್ಸ್‌ಗೆ ಕಳಿಸಬಾರದೆಂದು ಗೂಗಲ್ಲೇ ನಿಯಮ ಮಾಡಿದೆ. ಆದರೂ ಫಾರಂನ ಮಾಹಿತಿ ಪುಟದ ವಿಳಾಸಕ್ಕೇ ಅಂಟಿಕೊಳ್ಳುವಂತೆ ಕಟ್ಟಿದ್ದರೆ, ಯಾರ ಗಮನಕ್ಕೂ ಬಾರದೆ ಎಲ್ಲವೂ ಅಲ್ಲಿಗೆ ಹೋಗಿ ಸೇರುತ್ತದೆ. 2022ರಲ್ಲಿ ಯುರೋಪಿನ ಸಂಶೋಧಕರ ತಂಡವೊಂದು ಜಗತ್ತಿನ ಹೆಚ್ಚು ಜನ ಬಳಸುವ ಒಂದು ಲಕ್ಷ ವೆಬ್‌ಸೈಟುಗಳನ್ನು ಪರೀಕ್ಷಿಸಿತು. ಬಳಕೆದಾರರು ಟೈಪ್ ಮಾಡಿದ ಇಮೇಲ್ ವಿಳಾಸ, ಸಬ್‌ಮಿಟ್ ಒತ್ತುವ ಮೊದಲೇ ಟ್ರ್ಯಾಕಿಂಗ್ ಕಂಪನಿಗಳ ಕೈಸೇರುತ್ತಿದ್ದ ತಾಣಗಳು ಯುರೋಪಿನಿಂದ ನೋಡಿದಾಗ 1,844, ಅಮೆರಿಕದಿಂದ ನೋಡಿದಾಗ 2,950. ಬರೆಯಲು ಹೊರಟು, ಯೋಚಿಸಿ, ಬೇಡವೆಂದು ಹಿಂದೆ ಸರಿದವರೂ ಇದರಲ್ಲಿ ಸೇರಿದರು. ಹಾಗೆ ಹಿಂದೆ ಸರಿಯುವುದು ಅವರ ಹಕ್ಕು. ಅರ್ಧಕ್ಕೆ ಬಿಟ್ಟ ಫಾರಂಗಳು ಎಷ್ಟು ಎಂಬ ಸಂಖ್ಯೆ ವ್ಯಾಪಾರಕ್ಕೆ ಬೇಕಾಗಬಹುದು, ಯಾವ ಖಾನೆಯ ಹತ್ತಿರ ಜನ ನಿಂತರು ಎಂಬುದೂ ಬೇಕಾಗಬಹುದು. ಆದರೆ ಅದರೊಳಗೆ ಬರೆದು ಅಳಿಸಿದ ಅಕ್ಷರಗಳು ನಮ್ಮವಲ್ಲ.

ನಮ್ಮ ದೇಶದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯ ತಿರುಳೂ ಇದೇ: ಯಾವ ಉದ್ದೇಶಕ್ಕೆಂದು ಹೇಳಿ ಒಪ್ಪಿಗೆ ಪಡೆದಿರೋ ಅದಕ್ಕೆ ಬೇಕಾದಷ್ಟೇ ಮಾಹಿತಿ ಬಳಸಿ. ಒಪ್ಪಿಗೆಯ ಕೋರಿಕೆಯನ್ನು ಇಂಗ್ಲಿಷಿನಲ್ಲಾಗಲಿ, ಸಂವಿಧಾನದ ಎಂಟನೇ ಅನುಸೂಚಿಯ ಯಾವುದೇ ಭಾಷೆಯಲ್ಲಾಗಲಿ ಓದುವ ಆಯ್ಕೆ ಇರಬೇಕೆಂದೂ ಅದು ಹೇಳುತ್ತದೆ. ಕನ್ನಡ ಆ ಪಟ್ಟಿಯಲ್ಲಿದೆ. ಹಾಸನದವರಿಗೆ, ಹಾವೇರಿಯವರಿಗೆ ಸರಕು ಮಾರುವ ವೆಬ್‌ಸೈಟು 'ನಿಮ್ಮ ನಂಬರನ್ನು ವಾಪಸ್ ಕರೆ ಮಾಡಲು ಮಾತ್ರ ಬಳಸುತ್ತೇವೆ' ಎಂಬ ಒಂದು ಸಾಲನ್ನು ಕನ್ನಡದಲ್ಲಿ ಹಾಕಲು ಕಾನೂನಿನ ಕಡೆ ನೋಡುತ್ತ ಕೂರಬೇಕಾಗಿಲ್ಲ.

ಟ್ಯಾಗ್ ಕೂಡಿಸಿದ ದಿನವೇ ಮಾಲೀಕರು ತಮ್ಮ ಮೊಬೈಲಿನಿಂದ ಆ ಫಾರಂ ತುಂಬಿ ಕಳಿಸಲಿ. ರಿಪೋರ್ಟಿನಲ್ಲಿ ಒಂದು ಸಂಖ್ಯೆ ಏರಿದ್ದನ್ನು ನೋಡಿ ಅಲ್ಲಿಗೇ ನಿಲ್ಲದೆ, ಫಾರಂನಿಂದ ಹೊರಟ ಮೇಲ್ ಯಾರ ಇನ್‌ಬಾಕ್ಸಿಗೆ ಹೋಯಿತೆಂದು ಹುಡುಕಲಿ. ಸ್ಪ್ಯಾಮ್ ಫೋಲ್ಡರಿನಲ್ಲಿ ಸಿಗಬಹುದು, ಕೆಲಸ ಬಿಟ್ಟುಹೋದವರ ವಿಳಾಸದಲ್ಲೂ ಸಿಗಬಹುದು. ಆಮೇಲೆ ಎಂಕ್ವೈರಿ ಬಂದ ಹೊತ್ತು, ನಾವು ಫೋನ್ ಮಾಡಿದ ಹೊತ್ತು ಎರಡನ್ನೂ ಅಕ್ಕಪಕ್ಕ ಬರೆದಿಡುವ ಒಂದು ಶೀಟು ಇರಲಿ. ಈ ಎರಡರ ನಡುವಿನ ಅಂತರ ಅನಲಿಟಿಕ್ಸ್‌ಗೆ ತಾನಾಗಿ ತಿಳಿಯುವುದಿಲ್ಲ. ಫಾರಂ ಕಳಿಸಿ ಕಾಯುತ್ತಿರುವವರಿಗೆ ಗೊತ್ತಿರುವುದು ಅದೊಂದೇ.