ನಡೆಯೇ ಹಿರಿತನ

ಹಿರಿಯನೆನಿಸಿಕೊಳ್ಳುವುದು ಸುಲಭ, ಹಿರಿತನವನ್ನು ಉಳಿಸಿಕೊಳ್ಳುವುದು ಕಷ್ಟ. ಗದ್ದುಗೆಯೇರಿದವನ ಮಾತನ್ನು ಜನರು ಭಯದಿಂದ ಕೇಳಿಯಾರು. ಮನಸಾರೆ ತಮ್ಮ ಕಣಜದ ಬಾಯನ್ನು ತೆರೆಯಬೇಕಾದರೆ ಮಾತ್ರ ಅವನ ನಡೆಯನ್ನು ಕಂಡಿರಬೇಕು. ನುಡಿಗೆ ತಕ್ಕ ನಡೆಯಿಲ್ಲದವನನ್ನು ಶರಣರು ಹಿರಿಯನೆಂದು ಒಪ್ಪಲಿಲ್ಲ. ಬಿಜ್ಜಳನ ಭಂಡಾರಿಯಾಗಿದ್ದ ಬಸವಣ್ಣನವರು ರಾಜದ್ರವ್ಯದ ನಡುವೆಯಿದ್ದೂ ತಮ್ಮನ್ನು ಶರಣರ ಕಿಂಕರರೆಂದೇ ಬಗೆದರು.

ಇದು ಹನ್ನೆರಡನೆಯ ಶತಮಾನಕ್ಕೇ ಮುಗಿದ ಮಾತೆನ್ನುವವರು ಮಾಗಡಿ ಸೀಮೆಯ ವೀರಾಪುರವನ್ನು ನೆನೆಯಬೇಕು. ಅಲ್ಲಿಯ ಹೊನ್ನೇಗೌಡ, ಗಂಗಮ್ಮ ದಂಪತಿಗಳ ಕಡೆಯ ಮಗನಾಗಿ 1907ರಲ್ಲಿ ಜನಿಸಿದ ಶಿವಣ್ಣನೇ ಮುಂದೆ ಸಿದ್ಧಗಂಗೆಯ ಶ್ರೀ ಶಿವಕುಮಾರ ಸ್ವಾಮಿಗಳಾದುದು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದುತ್ತಿದ್ದ ಅವರಿಗೆ 1930ರಲ್ಲಿ ಶ್ರೀ ಉದ್ದಾನ ಶಿವಯೋಗಿಗಳಿಂದ ವಿರಕ್ತಾಶ್ರಮವಾಯಿತು. 1941ರಲ್ಲಿ ಗುರುಗಳು ಲಿಂಗೈಕ್ಯರಾಗಲು ಮಠದ ಸಮಸ್ತ ಭಾರವೂ ಅವರ ಹೆಗಲಿಗೆ ಬಂದಿತು.

ಆ ಭಾರವೆಂದರೆ ದಿನದಿನವೂ ತುಂಬಬೇಕಾದ ಮಕ್ಕಳ ಹೊಟ್ಟೆ. ಸ್ವಾಮಿಗಳು ಹಳ್ಳಿಹಳ್ಳಿಗೆ ಹೋಗಿ ಒಕ್ಕಲ ಮಕ್ಕಳಿಂದ ಧಾನ್ಯವನ್ನು ಭಿಕ್ಷೆಯಾಗಿ ತಂದರು. ಜೋಳಿಗೆ ಹಿಡಿದವರು ನಾಡಿನಲ್ಲಿ ಕಡಮೆಯಿಲ್ಲ. ಅಂಥವರನ್ನು ಅಳೆದು ನೋಡುವುದರಲ್ಲಿ ಹಳ್ಳಿಯ ಗೃಹಸ್ಥನು ಬಹು ಚತುರನು. ತಾನಿತ್ತ ರಾಗಿ ಎಲ್ಲಿಗೆ ಹೋಯಿತೆಂದು ನೋಡದೆ ಬಿಡುವವನಲ್ಲ. ಸಿದ್ಧಗಂಗೆಗೆ ಕೊಟ್ಟ ರಾಗಿ ಮುದ್ದೆಯಾಗಿ ಮಕ್ಕಳ ತಟ್ಟೆಗೆ ಬೀಳುವುದನ್ನು ಅವನು ಕಂಡನು. ಆ ಪಂಕ್ತಿಯಲ್ಲಿ ಜಾತಿಮತಗಳ ಭೇದವಿಲ್ಲದುದನ್ನೂ ಕಂಡನು. ತಂದವರಾದರೋ ತಮಗೆಂದು ಏನನ್ನೂ ಇರಿಸಿಕೊಂಡವರಲ್ಲ. ನಸುಕಿಗೆ ಮುನ್ನವೇ ಲಿಂಗಪೂಜೆ, ಮಿತವಾದ ಆಹಾರ, ಬಳಿಕ ದಿನವಿಡೀ ಕಾಯಕ. ಕೆಲವೇ ವಿದ್ಯಾರ್ಥಿಗಳ ದಾಸೋಹವು ಸಹಸ್ರಾರು ಮಕ್ಕಳ ದಾಸೋಹವಾಗಿ ಬೆಳೆದುದು ಈ ವಿಶ್ವಾಸದ ಬಲದಿಂದ, ವಾಕ್ಚಾತುರ್ಯದಿಂದಲ್ಲ.

ಗೃಹಸ್ಥನೂ ತನ್ನ ಮನೆಗೆ ನಾಯಕನೇ. ಊರಿನ ಗುಡಿಯ ಹಣವನ್ನೋ ಸಹಕಾರ ಸಂಘದ ಲೆಕ್ಕವನ್ನೋ ನೋಡುವ ಯಜಮಾನನು ಸಂಜೆ ವಚನವನ್ನು ಓದಿ, ಬೆಳಗ್ಗೆ ಆಳಿನ ಕೂಲಿಯನ್ನು ತಡೆದರೆ ಮನೆಯ ಮಕ್ಕಳು ಏನನ್ನು ಕಲಿತಾರು? ವಚನವು ಅವರ ಕಿವಿಗೆ ಬಿದ್ದಿರುತ್ತದೆ. ಮನಸ್ಸಿನಲ್ಲಿ ನಿಲ್ಲುವುದು ತಡೆದ ಕೂಲಿ. ಸಭೆಯಲ್ಲಿ ಅವನ ಮಾತಿಗೆ ತಲೆದೂಗುವವರು ಹಿಂದಿನಿಂದ ನಗುವುದೂ ಅದಕ್ಕೇ.

ಸ್ವಾಮಿಗಳ ನಡೆಯು ಉಸಿರಿನೊಡನೆಯೂ ನಿಲ್ಲಲಿಲ್ಲ. 2019ರ ಜನವರಿ 21ರಂದು, 111ನೆಯ ವಯಸ್ಸಿನಲ್ಲಿ, ಮಧ್ಯಾಹ್ನಕ್ಕೆ ಸ್ವಲ್ಪ ಮುಂಚೆ ಅವರು ಲಿಂಗೈಕ್ಯರಾದರು. ಆ ವಾರ್ತೆಯನ್ನು ಕೂಡಲೆ ಸಾರಲಿಲ್ಲ. ಮಕ್ಕಳು ಹಸಿದಿರಬಾರದೆಂಬುದು ಅವರದೇ ಇಚ್ಛೆಯಾಗಿದ್ದಿತು. ಮಕ್ಕಳ ಪ್ರಸಾದ ಮುಗಿದ ಮೇಲೆಯೇ ನಾಡಿಗೆ ಆ ಸುದ್ದಿ ತಿಳಿಯಿತು.